ಸೂರ್ಯಾಸ್ತಕ್ಕೆ ಜೋಡಿಸಿದ ಸಂಗೀತ

ಕೇಳುಗರಿಗೆ ನಮಸ್ಕಾರ. ಎಲೆಕ್ಟ್ರಾನಿಕ್ ಸಂಗೀತವೆಂದರೆ ಮೆರವಣಿಗೆಯ ಡಿಜೆ ಅಬ್ಬರವೆಂದೇ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅದೇ ಯಂತ್ರಗಳಿಂದ ಹುಟ್ಟಿಯೂ ಕುಣಿಸುವ ಹಂಬಲವಿಲ್ಲದ 'ಚಿಲ್‌ಔಟ್' ಎಂಬ ಪ್ರಕಾರವೊಂದಿದೆ. ಅದರ ಸಂಕಲನಗಳನ್ನು ಆಲಿಸುವ ಬಗೆಯನ್ನು ಕುರಿತು ಇಂದು ಮಾತನಾಡುತ್ತೇನೆ.

ಲಂಡನ್ನಿನ ಹೆವನ್ ಎಂಬ ನೃತ್ಯಶಾಲೆಯಲ್ಲಿ 1989ರಲ್ಲಿ, ಕುಣಿದು ದಣಿದವರು ಸುಧಾರಿಸಿಕೊಳ್ಳಲೆಂದೇ ಒಂದು 'ಚಿಲ್‌ಔಟ್' ಕೋಣೆಯಿತ್ತು. ಈ ಪ್ರಕಾರಕ್ಕೆ ಹೆಸರು ಬಂದುದು ಅಂತಹ ಕೋಣೆಗಳಿಂದ. ಆದರೆ ಸಂಕಲನವನ್ನೇ ಒಂದು ಕಲೆಯಾಗಿ ಬೆಳೆಸಿದವರಲ್ಲಿ ನಾನು ಮೊದಲಿಗೆ ನೆನೆಯುವುದು, 2020ರಲ್ಲಿ ತೀರಿಕೊಂಡ ಸ್ಪೇನಿನ ಡಿಜೆ ಹೊಸೆ ಪಡಿಯಾ ಅವರನ್ನು. ಸ್ಪೇನಿನ ಇಬಿಜಾ ದ್ವೀಪದ ಪಶ್ಚಿಮ ದಂಡೆಯಲ್ಲಿ, ನಮ್ಮ ಮಲ್ಪೆಯಂತೆಯೇ ಸೂರ್ಯ ಕಡಲಿಗಿಳಿಯುವ ಕಡೆ, ಕೆಫೆ ದೆಲ್ ಮಾರ್ ಎಂಬ ಹೋಟೆಲಿದೆ. ಅಲ್ಲಿ ಅವರು ಸಂಜೆಯ ಬೆಳಕು ಬದಲಾಗುವುದನ್ನು ನೋಡುತ್ತಾ ಅದಕ್ಕೊಪ್ಪುವ ಕೃತಿಗಳನ್ನು ಒಂದರ ಹಿಂದೊಂದು ಕೇಳಿಸುತ್ತಿದ್ದರು. ಆ ಜೋಡಣೆಗಳು ಮೊದಲು ಕ್ಯಾಸೆಟ್ಟುಗಳಾಗಿ ಮಾರಾಟವಾದವು. 1994ರಲ್ಲಿ ಮೊದಲ ಸಂಕಲನವಾಗಿ ಹೊರಬಂದವು. ಜಪಾನಿನ ಕ್ಯೋಟೊ ನಗರದ ಬೀದಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಹಾರ್ಮೋನಿಯಂ ಸಿಕ್ಕಿದಾಗ ಇಂಗ್ಲೆಂಡಿನ ಸಂಗೀತಗಾರ ಸೈಮನ್ ಜೆಫ್ಸ್ ರಚಿಸಿದ ಕೃತಿಯೊಂದು, ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಕೃತಿಗಳ ನಡುವೆ, ಆ ಸಂಕಲನದಲ್ಲಿ ಯಾವ ಎಡವಟ್ಟೂ ಇಲ್ಲದೆ ಹೊಂದಿಕೊಂಡಿದೆ.

ಈ ಕ್ರಮದ ಬೆಲೆಯನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಇರುಳಿಡೀ ನಡೆಯುವ ಯಕ್ಷಗಾನದಲ್ಲಿ ಹೊತ್ತನ್ನೂ ಸನ್ನಿವೇಶವನ್ನೂ ಅರಿತು ರಾಗವನ್ನು ಆಯುವ ಭಾಗವತರನ್ನು ನಾವು ಕೇಳುತ್ತಲೇ ಬೆಳೆದಿದ್ದೇವೆ. ನಸುಕಿಗೆ ಮೀಸಲಾದ ಪದ್ಯವನ್ನು ಆರಂಭದ ಒಡ್ಡೋಲಗದ ಹೊತ್ತಿಗೆ ಹಾಡಿದರೆ ಅದು ಆಟವೆನಿಸದು. ಮೊಬೈಲಿನ ತಂತ್ರಾಂಶವು ಹಾಡುಗಳನ್ನು ಮನಬಂದಂತೆ ಕಲಸಿ ಕೇಳಿಸುವಾಗ ಸಂಕಲನಕಾರನ ಇಡೀ ಕೆಲಸವೇ ಅಳಿಸಿಹೋಗುತ್ತದೆ. ಆದ್ದರಿಂದ ಆ ಸೌಲಭ್ಯವನ್ನು ನಿಲ್ಲಿಸಿ, ಮೊದಲಿನಿಂದ ಕೊನೆಯವರೆಗೆ ಒಂದೇ ಬೈಠಕ್ಕಿನಲ್ಲಿ ಕೇಳಬೇಕೆಂದು ನಾನು ಒತ್ತಾಯದಿಂದಲೇ ಹೇಳುತ್ತೇನೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರದ ನಾದ ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ನಿಧಾನಗತಿಯ ಈ ಸಂಗೀತ ನಿಂತಿರುವುದೇ ಆ ಮಂದ್ರದ ಮೇಲಾದ್ದರಿಂದ ಒಳ್ಳೆಯ ಹೆಡ್‌ಫೋನು ಬೇಕು.

ಇನ್ನೊಂದು ಮಾತು. ಇಬಿಜಾ ಇರುವುದು ಸುಮಾರು 39 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಮಂಗಳೂರು ಸುಮಾರು 13ರಲ್ಲಿ. ನಮ್ಮಲ್ಲಿ ಸೂರ್ಯ ಹೆಚ್ಚು ನೇರವಾಗಿ ಇಳಿಯುವುದರಿಂದ ಮುಸ್ಸಂಜೆ ಬೇಗ ಮುಗಿಯುತ್ತದೆ. ಅಲ್ಲಿಯ ನಿಧಾನದ ಸಂಜೆಗೆ ಹೊಂದಿಸಿದ ಕ್ರಮ ಇಲ್ಲಿಯ ಬೆಳಕಿಗಿಂತ ಹಿಂದೆ ಬೀಳುತ್ತದೆ. ತಣ್ಣೀರುಬಾವಿಯಲ್ಲೋ ಮಲ್ಪೆಯಲ್ಲೋ ಕುಳಿತು ಕೇಳುವವರು ಅಂದಿನ ಸೂರ್ಯಾಸ್ತದ ಸಮಯವನ್ನು ಪಂಚಾಂಗದಲ್ಲಿ ನೋಡಿಕೊಂಡು, ಅದಕ್ಕೆ ಮುಕ್ಕಾಲು ಗಂಟೆ ಮೊದಲೇ ಸಂಕಲನವನ್ನು ಆರಂಭಿಸುವುದು ಒಳ್ಳೆಯದು.