ಕಾವಲುಗಾರರ ಲೆಕ್ಕ ಕೇಳುವವರು ಯಾರು?

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಶಿವಮೊಗ್ಗದ ಬಂಧುಗಳೇ,

ಅಲ್ಪಸಂಖ್ಯಾತರ ಹಕ್ಕುಗಳ ದಿನದಂದು ನಮ್ಮ ಜಿಲ್ಲೆಯ ಭಾಷಣಗಳು ಹಣಗೆರೆಕಟ್ಟೆಯಿಂದ ಆರಂಭವಾಗುವುದು ರೂಢಿ. ಭೂತರಾಯ ಚೌಡೇಶ್ವರಿಯ ಸನ್ನಿಧಿಯೂ ದರ್ಗಾವೂ ಒಂದೇ ಸೂರಿನಡಿ ಇರುವ ಕಾಡಿನ ನಡುವಿನ ಆ ಸ್ಥಳದ ಬಗ್ಗೆ ನನಗೂ ಅಭಿಮಾನವಿದೆ. ಆದರೆ ಸೌಹಾರ್ದವನ್ನು ಕೊಂಡಾಡುವುದು ಬೇರೆ, ಗುಂಪು ಮನೆಯ ಬಾಗಿಲಿಗೆ ಬಂದಾಗ ಒಳಗಿರುವವರನ್ನು ಕಾಪಾಡುವುದು ಬೇರೆ. ಎರಡನೆಯದು ಸರ್ಕಾರದಿಂದ ಸಂಬಳ ಪಡೆಯುವವರ ಕೆಲಸ. ಅವರು ಅದನ್ನು ಮಾಡಿದರೇ ಎಂದು ನೋಡುವುದಕ್ಕೆ ಆಯೋಗಗಳಿವೆ. ಆಯೋಗಗಳು ನೋಡಿದವೇ ಎಂದು ನೋಡುವವರು ಯಾರು ಎಂಬುದಷ್ಟೇ ನನ್ನ ಇಂದಿನ ಪ್ರಶ್ನೆ.

ವಿಶ್ವಸಂಸ್ಥೆ ಅಲ್ಪಸಂಖ್ಯಾತರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದ್ದು 1992ರ ಡಿಸೆಂಬರ್ 18ರಂದು, ಬಾಬರಿ ಮಸೀದಿ ಉರುಳಿದ ಹನ್ನೆರಡನೆಯ ದಿನ. ನಮ್ಮ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ಕಾಯ್ದೆಯೂ ಅದೇ ವರ್ಷದ್ದು. ಜಾರಿಗೆ ಬಂದದ್ದು ಮಾತ್ರ 1993ರ ಮೇ ತಿಂಗಳಲ್ಲಿ, ಮುಂಬಯಿಯ ಗಲಭೆಗಳು ಮುಗಿದ ಮೇಲೆ. ಕರ್ನಾಟಕದ ಕಾಯ್ದೆ 1994ರದ್ದು. ರಾಷ್ಟ್ರೀಯ ಆಯೋಗಕ್ಕೆ ಸಿವಿಲ್ ನ್ಯಾಯಾಲಯದಂತೆ ಸಾಕ್ಷಿಗಳನ್ನು ಕರೆಸುವ, ಕಡತಗಳನ್ನು ತರಿಸುವ ಅಧಿಕಾರವಿದೆ, ಶಿಕ್ಷಿಸುವ ಅಧಿಕಾರವಿಲ್ಲ. ಅದಕ್ಕಾಗಿಯೇ ಕಾಯ್ದೆ ಸರ್ಕಾರದ ಕೊರಳಿಗೆ ಒಂದು ಕಟ್ಟು ಹಾಕಿದೆ: ಆಯೋಗದ ಶಿಫಾರಸುಗಳನ್ನು ಸಂಸತ್ತಿನ ಮುಂದಿಡುವಾಗ ಕೈಗೊಂಡ ಕ್ರಮವನ್ನೂ, ಒಪ್ಪದಿದ್ದಲ್ಲಿ ಒಪ್ಪದಿರುವುದಕ್ಕೆ ಕಾರಣವನ್ನೂ ಬರವಣಿಗೆಯಲ್ಲಿ ಕೊಡಬೇಕು. ಆ ಅನುಪಾಲನಾ ವರದಿಯನ್ನು ನಾವು ಕೇಳುವುದೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ಇಂಥ ಸಭೆಗಳಲ್ಲಿ ಎಲ್ಲರೂ ಹೇಳುತ್ತಾರೆ. ನನ್ನ ತಕರಾರು ಈ ಬೇಲಿ ಏಳುವುದೇ ಇಲ್ಲ ಎಂಬುದು. (ನಗುವವರು ನಗಬಹುದು, ಅಧ್ಯಕ್ಷರ ಅನುಮತಿಯಿದೆ.)

ಪಕ್ಕದ ಚಿಕ್ಕಮಗಳೂರಿನ ಸಂಗತಿಯನ್ನೇ ನೋಡಿ. 2008ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳ ಚರ್ಚುಗಳ ಮೇಲೆ ದಾಳಿಯಾಯಿತು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಕವಾಗಿ, 2011ರ ಜನವರಿಯಲ್ಲಿ ಅಂತಿಮ ವರದಿ ಸಲ್ಲಿಸಿತು. 1952ರ ವಿಚಾರಣಾ ಆಯೋಗಗಳ ಕಾಯ್ದೆಯ ಪ್ರಕಾರ ಇಂಥ ವರದಿಯನ್ನು ಆರು ತಿಂಗಳೊಳಗೆ ಕ್ರಮದ ವಿವರದೊಂದಿಗೆ ಶಾಸನಸಭೆಯ ಮುಂದಿಡಬೇಕು. ವರದಿಯ ನಿರ್ಣಯ ಸರಿಯೋ ತಪ್ಪೋ ಎಂದು ಜಗಳವಾಡಿದವರು ಈ ಸಭೆಯಲ್ಲಿ ಬೇಕಾದಷ್ಟು ಜನರಿದ್ದೀರಿ, ನಾನೂ ಆಡಿದ್ದೇನೆ. ಅದರ ಅನುಪಾಲನಾ ವರದಿಯನ್ನು ಕಣ್ಣಾರೆ ಕಂಡವರು ಕೈ ಎತ್ತಿ. ನೋಡಿದಿರಾ, ಒಂದು ಕೈಯೂ ಮೇಲೇಳಲಿಲ್ಲ.

ಇನ್ನು ನಾನು ಎಲ್ಲ ಕಡೆ ಹೇಳುವ ಹಾಶಿಂಪುರದ ಕಥೆ, ಕೇಳಿದವರು ಸಹಿಸಿಕೊಳ್ಳಬೇಕು. 1987ರ ಮೇ 22ರಂದು ಮೀರಠಿನ ಆ ಮೊಹಲ್ಲಾದಿಂದ ಉತ್ತರಪ್ರದೇಶದ ಸಶಸ್ತ್ರ ಪಡೆಯವರು ಮುಸ್ಲಿಂ ಗಂಡಸರನ್ನು ಲಾರಿಗೆ ತುಂಬಿಕೊಂಡು ಹೋಗಿ, ಕಾಲುವೆಯ ದಂಡೆಯಲ್ಲಿ ಗುಂಡಿಕ್ಕಿ ನೀರಿಗೆಸೆದರು. ಸತ್ತವರು ನಲವತ್ತರ ಆಸುಪಾಸು. ಗುಂಡೇಟು ತಿಂದೂ ಬದುಕುಳಿದ ಕೆಲವರು ಸಾಕ್ಷಿ ಹೇಳಿದರು. ಆದರೆ ಕತ್ತಲಲ್ಲಿ, ಹೆಲ್ಮೆಟ್ ತೊಟ್ಟ ಮುಖಗಳಲ್ಲಿ ಯಾರು ಯಾರೆಂದು ಗುರುತಿಸುವುದು ಹೇಗೆ? 2015ರಲ್ಲಿ ವಿಚಾರಣಾ ನ್ಯಾಯಾಲಯ ಎಲ್ಲರನ್ನೂ ಖುಲಾಸೆ ಮಾಡಿತು. ಮೇಲ್ಮನವಿಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ಬಂದು ನಿಂತಿತು. ಆಗ ನ್ಯಾಯಾಲಯದ ಮುಂದೆ ಬಂದದ್ದು ಏನು ಗೊತ್ತೇ? ಪಡೆಯ ದಿನಚರಿ ಪುಸ್ತಕ. ಅಂದು ಕರ್ತವ್ಯದ ಮೇಲೆ ಹೋದವರು ಯಾರು ಎಂದು ಆ ಪಡೆಯೇ ತನ್ನ ಕೈಯಾರೆ ಬರೆದಿಟ್ಟಿದ್ದ ಪುಟಗಳವು. 2018ರ ಅಕ್ಟೋಬರ್ 31ರಂದು ದೆಹಲಿ ಹೈಕೋರ್ಟು 16 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೂವತ್ತೊಂದು ವರ್ಷ! ಆಯೋಗಕ್ಕೆ ಮನಸ್ಸಿದ್ದರೆ ಕೈಲಾಗುತ್ತದೆ ಎಂಬುದಕ್ಕೂ, ಆ ಮನಸ್ಸು ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೂ ಈ ಪ್ರಕರಣವೇ ಸಾಕ್ಷಿ.

ನಮ್ಮಲ್ಲಿಯೂ ಪುಸ್ತಕಗಳಿವೆ. ಗಣಪತಿ ವಿಸರ್ಜನೆಗೂ ಈದ್ ಮಿಲಾದಿಗೂ ಮುನ್ನ ಠಾಣೆಯಲ್ಲಿ ಶಾಂತಿ ಸಭೆ ನಡೆಯುತ್ತದೆ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅದೇ ಮುಖಂಡರು ಕುಳಿತಿರುತ್ತಾರೆ, ಚಹಾ ಬರುತ್ತದೆ, ಕೈ ಕೈ ಹಿಡಿದ ಫೋಟೋ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಮೆರವಣಿಗೆಯ ದಾರಿಯಲ್ಲಿ ಮನೆಯಿರುವ ಬೀಡಿ ಕಟ್ಟುವ ಹೆಂಗಸನ್ನು ಆ ಸಭೆಗೆ ಕರೆದದ್ದನ್ನು ನಾನು ಕಂಡಿಲ್ಲ. 2023ರ ಅಕ್ಟೋಬರ್ ಆರಂಭದಲ್ಲಿ ರಾಗಿಗುಡ್ಡದಲ್ಲಿ ಕಲ್ಲುತೂರಾಟವಾಗಿ ನಿಷೇಧಾಜ್ಞೆ ಬಂದದ್ದು ನಿಮಗೆ ನೆನಪಿದೆ. ಅಂಥ ಘಟನೆಯ ನಂತರ ಹಿಂದಿನ ಶಾಂತಿ ಸಭೆಯ ನಡಾವಳಿಯನ್ನು ತೆರೆದು, ಏನೇನು ಒಪ್ಪಿಕೊಂಡಿದ್ದೆವು, ಯಾವುದನ್ನು ಯಾರು ಮಾಡಲಿಲ್ಲ ಎಂದು ಸಾರ್ವಜನಿಕವಾಗಿ ಓದುವ ಪದ್ಧತಿಯೇ ನಮ್ಮಲ್ಲಿಲ್ಲ. ಕಲ್ಲು ಯಾವ ಕಡೆಯಿಂದ ಬಂದರೂ ಈ ಓದು ನಡೆಯಬೇಕು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಉಳಿದದ್ದನ್ನು ಓಡಿಸುತ್ತೇನೆ. 2018ರ ಜುಲೈ 17ರ ತೆಹಸೀನ್ ಪೂನಾವಾಲಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಗುಂಪುಹತ್ಯೆ ತಡೆಯಲು ಪ್ರತಿ ಜಿಲ್ಲೆಗೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕು, ಕರ್ತವ್ಯಲೋಪ ಮಾಡಿದ ಅಧಿಕಾರಿಯ ಮೇಲೆ ಇಲಾಖಾ ಕ್ರಮವಾಗಬೇಕು ಎಂದಿದೆ. ನಮ್ಮ ಜಿಲ್ಲೆಯಲ್ಲಿ ಅಂಥ ಕ್ರಮ ಎಷ್ಟು ಬಾರಿ ಆಗಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಲು ಹತ್ತು ರೂಪಾಯಿ ಸಾಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ತನಿಖೆಗೆ ಪೊಲೀಸರನ್ನೇ ಬಳಸುವುದನ್ನು ಇಂಥ ಆಯೋಗಗಳ ಜಾಗತಿಕ ಒಕ್ಕೂಟ ಆಕ್ಷೇಪಿಸಿ, 2023 ಮತ್ತು 2024ರಲ್ಲಿ ನಮ್ಮ ಆಯೋಗದ ಮಾನ್ಯತೆಯನ್ನು ಮುಂದೂಡಿದ್ದರ ಬಗ್ಗೆ ನನ್ನ ಬಳಿ ಎರಡು ಪುಟಗಳಿದ್ದವು, ಅವನ್ನು ಮಡಚಿಡುತ್ತೇನೆ.

ಕೊನೆಯದಾಗಿ ವಕೀಲನಾಗಿ ಒಂದು ಮಾತು. ಮಾನವ ಹಕ್ಕುಗಳ ಆಯೋಗ ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ವಿಚಾರಣೆ ಕೈಗೆತ್ತಿಕೊಳ್ಳುವಂತಿಲ್ಲ. ದೂರು ತೆಗೆದುಕೊಳ್ಳದೆ ಠಾಣೆಯವರು ಸಾಗಹಾಕಿದರೆ ಬರವಣಿಗೆಯಲ್ಲಿ ಹಿಂಬರಹ ಕೇಳಿ; ಕೊಡದಿದ್ದರೆ ಅದೇ ದೂರನ್ನು ಎಸ್‌ಪಿ ಅವರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿ, ರಸೀದಿಯನ್ನು ಜೋಪಾನವಾಗಿಡಿ. ಅಂಥ ಕಾಗದಗಳಿದ್ದವರು ಸಭೆ ಮುಗಿದ ಮೇಲೆ ಹಿಂದಿನ ಬಾಗಿಲ ಬಳಿಯ ಮೇಜಿಗೆ ಬನ್ನಿ, ಇಂದೇ ಕುಳಿತು ಅರ್ಜಿ ಬರೆಯೋಣ. ನಮಸ್ಕಾರ.