ಕಡಲಡಿಯ ಕೇಬಲ್ ಇತ್ತು, ಮನೆಯ ತಂತಿ ಇರಲಿಲ್ಲ

ಎಲ್ಲರಿಗೂ ನಮಸ್ಕಾರ.

ಇವತ್ತು ವಿಎಸ್‌ಎನ್‌ಎಲ್ ಬಗ್ಗೆ ಮಾತಾಡೋಣ. ವಿದೇಶ ಸಂಚಾರ ನಿಗಮ. ಇಲ್ಲಿರುವ ಚಿಕ್ಕವರು ಈ ಹೆಸರನ್ನೇ ಕೇಳಿರಲಿಕ್ಕಿಲ್ಲ. ಆದರೆ ಭಾರತದಲ್ಲಿ ಸಾಮಾನ್ಯ ಜನರಿಗೆ ಇಂಟರ್ನೆಟ್ ಕೊಟ್ಟ ಮೊದಲ ಸಂಸ್ಥೆ ಇದೇ. ಏಳು ವರ್ಷ ತುಂಬುವುದರೊಳಗೆ ಇದನ್ನು ಮಾರಿಬಿಟ್ಟರು. ಇನ್ನೊಂದು ಮೂರು ವರ್ಷಕ್ಕೆ ಮನೆಮನೆಯ ಇಂಟರ್ನೆಟ್ ಬೇರೆಯವರ ಪಾಲಾಯಿತು. ಹೊಸ ತಂತ್ರಜ್ಞಾನ ಬಂತು, ಹಳೆಯದು ಹೋಯಿತು ಅಂತ ಸುಮ್ನೆ ಹೇಳಿ ಮುಗಿಸಬಹುದು. ಅಷ್ಟಕ್ಕೇ ಬಿಡಲು ನನಗೆ ಮನಸ್ಸಿಲ್ಲ.

ಇದರ ಮೂಲ 1947ರ ಓವರ್‌ಸೀಸ್ ಕಮ್ಯುನಿಕೇಶನ್ಸ್ ಸರ್ವಿಸ್. ಅದು ಸರ್ಕಾರಿ ಇಲಾಖೆ. 1986ರ ಏಪ್ರಿಲ್ 1ರಂದು ಅದೇ ವಿಎಸ್‌ಎನ್‌ಎಲ್ ಅನ್ನೋ ಕಂಪನಿಯಾಯಿತು. ಕೆಲಸ ಏನು? ಹೊರದೇಶದ ಫೋನು, ಅಕ್ಷರದ ಸಂದೇಶ ಕಳಿಸುವ ಟೆಲೆಕ್ಸ್, ಉಪಗ್ರಹ, ಕಡಲಡಿಯ ಕೇಬಲ್. ಅಮೆರಿಕದಲ್ಲಿರುವ ಮಗನಿಗೆ ನೀವು ಐಎಸ್‌ಡಿ ಮಾಡಿದರೆ ಆ ಕರೆ ಇವರ ಕೈ ದಾಟಿಯೇ ಹೋಗಬೇಕು. ಇದಕ್ಕೆ ಪೈಪೋಟಿ ಅಂತ ಯಾರೂ ಇರಲಿಲ್ಲ. ದುಡ್ಡೆಲ್ಲ ಬರುತ್ತಿದ್ದದ್ದು ಅಲ್ಲಿಂದಲೇ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅದೇ ಹೊತ್ತಿಗೆ ಅರ್ನೆಟ್ ಅನ್ನೋ ಜಾಲವೂ ಶುರುವಾಗಿತ್ತು. ಐಐಟಿಗಳು, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಎಲ್ಲ ಅದರಲ್ಲಿದ್ದವು. ಆದರೆ ಅದು ಓದು, ಸಂಶೋಧನೆಯವರಿಗೆ ಮಾತ್ರ. ಗೇಟಿನ ಹೊರಗಿದ್ದವರಿಗೆ ವಿಎಸ್‌ಎನ್‌ಎಲ್ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈನಲ್ಲಿ ಮೊದಲು, ಆಮೇಲೆ ಬೆಂಗಳೂರು, ಪುಣೆ. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಬಿ. ಕೆ. ಸಿಂಗಾಲ್. ಒಂದು ಸರ್ಕಾರಿ ಕಂಪನಿ, ಜನ ಬೀದಿಗಿಳಿದು ಕೇಳುವ ಮೊದಲೇ, ಇಂಥದ್ದೊಂದು ಸೇವೆ ಕೊಟ್ಟಿತು ಅನ್ನೋದು ಸಣ್ಣ ಮಾತಲ್ಲ. ಅದನ್ನು ಮನಸಾರೆ ಮೆಚ್ಚಬೇಕು.

ಬಳಸೋದು ಹೇಗಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ವಿದ್ಯಾರ್ಥಿಗಳಿಗೆ ಅಗ್ಗದ ಶೆಲ್ ಅಕೌಂಟ್ ಇತ್ತು, ಬರೀ ಅಕ್ಷರ, ಚಿತ್ರ ಇಲ್ಲ. ಫೋನ್ ಲೈನಿನಲ್ಲಿ ಕಂಪ್ಯೂಟರಿಗೆ ಇಂಟರ್ನೆಟ್ ತರುವ ಮೋಡೆಮ್ ಡಯಲ್ ಮಾಡುತ್ತದೆ, ಎಂಗೇಜ್ ಟೋನ್. ಮತ್ತೆ ಡಯಲ್, ಮತ್ತೆ ಎಂಗೇಜ್. ಸಿಕ್ಕಿತೋ, ಆ ಕೀರಲು ಸದ್ದು ಮುಗಿದ ಮೇಲೆ ಕಪ್ಪು ಪರದೆ, ಲಾಗಿನ್, ಪಾಸ್‌ವರ್ಡ್. ಪತ್ರ ಓದಲು ಪೈನ್, ವೆಬ್ ನೋಡಲು ಲಿಂಕ್ಸ್, ಎಲ್ಲ ಕೀಬೋರ್ಡ್‌ನಲ್ಲೇ. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ಯಾರೋ ಅದೇ ಲೈನಿನ ಪ್ಯಾರಲಲ್ ಫೋನ್ ಎತ್ತಿದರೆ ಮುಗೀತು, ಲೈನ್ ಕಟ್. ಬೆಂಗಳೂರಿನವರ ಇ-ಮೇಲ್ ವಿಳಾಸದ ಕೊನೆಯಲ್ಲಿ 'ಜಿಐಎಎಸ್‌ಬಿಜಿ01 ಡಾಟ್ ವಿಎಸ್‌ಎನ್‌ಎಲ್ ಡಾಟ್ ನೆಟ್ ಡಾಟ್ ಇನ್' ಅಂತ ಇರುತ್ತಿತ್ತು. ಫೋನಿನಲ್ಲಿ ಯಾರಿಗಾದರೂ ಇದನ್ನು ಹೇಳಿ ಬರೆಸೋದು ಎಷ್ಟು ಕಷ್ಟ ನೋಡಿ.

ಚಿತ್ರ ಕಾಣುವ ಅಕೌಂಟಿಗೆ ಬೆಲೆ ಬಹಳ ಜಾಸ್ತಿ. ವೇಗ? 28.8 ಕೆಬಿಪಿಎಸ್ ಮೋಡೆಮ್ ಇದ್ದವರಿಗೆ, ಎಲ್ಲ ಸರಿಯಿದ್ದರೂ, 5 ಎಂಬಿಯ ಒಂದು ಫೈಲ್ ಇಳಿಸಲು 23 ನಿಮಿಷ ಬೇಕು. ಅಷ್ಟೂ ಹೊತ್ತು ಎರಡು ಮೀಟರ್ ಓಡುತ್ತವೆ. ವಿಎಸ್‌ಎನ್‌ಎಲ್‌ಗೆ ದುಡ್ಡು ಕೊಟ್ಟು ಕೊಂಡ ಗಂಟೆಗಳು ಒಂದು ಕಡೆ ಕರಗುತ್ತವೆ, ಟೆಲಿಫೋನ್ ಬಿಲ್ಲು ಇನ್ನೊಂದು ಕಡೆ ಏರುತ್ತದೆ. ನೋಡ್, ಅಂದರೆ ಡಯಲ್ ಮಾಡಿ ಸೇರುವ ಕೇಂದ್ರ, ಇಲ್ಲದ ಊರಿನವರಿಗಂತೂ ಎಸ್‌ಟಿಡಿ ದರ, ಅಂದರೆ ಬೇರೆ ಊರಿಗೆ ಮಾಡುವ ಫೋನಿನ ದರ.

ಇಂಥ ಸ್ಥಿತಿಯಲ್ಲೂ ಯು. ಬಿ. ಪವನಜ ಅವರು 1996ರಲ್ಲೇ 'ವಿಶ್ವಕನ್ನಡ' ಜಾಲಪತ್ರಿಕೆ ಶುರು ಮಾಡಿದರು. ಯಾವ ಕಂಪ್ಯೂಟರಿನಲ್ಲೂ ಒಂದೇ ರೀತಿ ಓದಬಹುದಾದ ಯುನಿಕೋಡ್ ಕನ್ನಡ ಇನ್ನೂ ಬಳಕೆಗೆ ಬಂದಿರದ ಕಾಲ ಅದು. ಶೆಲ್ ಅಕೌಂಟಿನ ಕಪ್ಪು ಪರದೆಯಲ್ಲಿ ಕನ್ನಡ ಅಕ್ಷರ ಮೂಡುವುದೇ ಇಲ್ಲ. ಅಂದರೆ ಕನ್ನಡದ ಹುಡುಗನೊಬ್ಬ ತನ್ನ ಭಾಷೆಯನ್ನು ಇಂಟರ್ನೆಟ್‌ನಲ್ಲಿ ನೋಡಬೇಕೆಂದರೆ ದುಬಾರಿ ಅಕೌಂಟೇ ಬೇಕಿತ್ತು. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಈಗ ಎರಡು ಮೀಟರಿನ ಮಾತಿಗೆ ವಾಪಸ್ ಬರೋಣ, ಯಾಕಂದರೆ ಬೀಳುವಿಕೆಯ ಬೇರು ಅಲ್ಲೇ ಇದೆ. ಕಡಲಡಿಯ ಕೇಬಲ್ ವಿಎಸ್‌ಎನ್‌ಎಲ್‌ದು. ಆದರೆ ಕಂಬದಿಂದ ಮನೆಗೆ ಬರುವ ತಾಮ್ರದ ತಂತಿ ದೂರಸಂಪರ್ಕ ಇಲಾಖೆಯದು, 2000ದಿಂದ ಬಿಎಸ್‌ಎನ್‌ಎಲ್‌ದು, ಮುಂಬೈ ದೆಹಲಿಯಲ್ಲಿ ಎಂಟಿಎನ್‌ಎಲ್‌ದು. ಗ್ರಾಹಕ ಇವರವನು, ಅವನ ಮನೆ ಬಾಗಿಲು ಬೇರೆಯವರ ಕೈಯಲ್ಲಿ.

ಇಷ್ಟು ಗೊತ್ತಿದ್ದೂ ಸಂಸ್ಥೆ ಎಚ್ಚೆತ್ತುಕೊಳ್ಳಲಿಲ್ಲ, ಏಕೆಂದರೆ ಐಎಸ್‌ಡಿ ದುಡ್ಡು ಬರುತ್ತಲೇ ಇತ್ತು. ಇಂಟರ್ನೆಟ್ ಮೂಲಕ ಹೊರದೇಶಕ್ಕೆ ಫೋನ್ ಮಾಡುವುದನ್ನು 2002ರ ಏಪ್ರಿಲ್‌ವರೆಗೂ ನಮ್ಮಲ್ಲಿ ಬಿಟ್ಟಿರಲಿಲ್ಲ. ಆ ಕಟ್ಟುಪಾಡಿನಿಂದ ಉಳಿಯುತ್ತಿದ್ದದ್ದು ಐಎಸ್‌ಡಿ ಆದಾಯ. ಹೊಸ ಸೇವೆ ಬೆಳೆದರೆ ಹಳೆಯ ಸೇವೆಗೆ ಪೆಟ್ಟು ಅನ್ನೋ ಜಾಗದಲ್ಲಿ ಕೂತವರಿಂದ ಧೈರ್ಯದ ನಿರ್ಧಾರ ಬರೋದು ಕಷ್ಟ, ಅಲ್ವಾ?

1998ರ ನವೆಂಬರ್‌ನಲ್ಲಿ ಇಂಟರ್ನೆಟ್ ಕೊಡಲು ಖಾಸಗಿಯವರಿಗೂ ಅವಕಾಶ ಸಿಕ್ಕಿತು. ಸತ್ಯಂ ಇನ್ಫೋವೇ ಬಂತು, ಮರುವರ್ಷವೇ ಅಮೆರಿಕದ ಶೇರುಪೇಟೆ ನಾಸ್ಡಾಕ್‌ಗೂ ಹೋಯಿತು. ದರ ಇಳಿಯಿತು, ಸೈಬರ್ ಕೆಫೆಗಳು ತುಂಬಿದವು. 2002ರ ಫೆಬ್ರವರಿಯಲ್ಲಿ ಸರ್ಕಾರ ಶೇ. 25ರಷ್ಟು ಪಾಲನ್ನು ಟಾಟಾದವರಿಗೆ 1,439 ಕೋಟಿ ರೂಪಾಯಿಗೆ ಮಾರಿತು. ಆಡಳಿತ ಅವರ ಕೈಗೆ ಹೋಯಿತು. ಅದೇ ವರ್ಷ ಐಎಸ್‌ಡಿಯ ಏಕಸ್ವಾಮ್ಯವೂ ಮುಗಿಯಿತು. ಟಾಟಾದವರದೇ ಇನ್ನೊಂದು ಫೋನ್ ಕಂಪನಿಯಾದ ಟಾಟಾ ಟೆಲಿಸರ್ವಿಸಸ್‌ನಲ್ಲಿ 1,200 ಕೋಟಿ ಹೂಡಲು ವಿಎಸ್‌ಎನ್‌ಎಲ್ ಮುಂದಾದಾಗ ಸರ್ಕಾರದ ಜೊತೆ ದೊಡ್ಡ ಜಟಾಪಟಿಯೇ ನಡೆಯಿತು.

ಮನೆ ಬಾಗಿಲು ತಲುಪಬೇಕು ಅಂತ ವಿಎಸ್‌ಎನ್‌ಎಲ್‌ನವರೂ ಪ್ರಯತ್ನ ಪಟ್ಟರು. 2004ರಲ್ಲಿ ಡಿಶ್‌ನೆಟ್‌ನ ಇಂಟರ್ನೆಟ್ ವ್ಯವಹಾರ ಕೊಂಡರು. ಆದರೆ 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ 'ಡೇಟಾಒನ್' ಶುರು ಮಾಡಿತು. 256 ಕೆಬಿಪಿಎಸ್, ಅದೇ ಹಳೆಯ ತಾಮ್ರದ ತಂತಿಯಲ್ಲಿ. ಮನೆಗೆ ಹೊಸ ವೈರ್ ಎಳೆಯಬೇಕಾಗಿಲ್ಲ. ಇಂಟರ್ನೆಟ್ ನಡೆಯುತ್ತಿರುವಾಗಲೇ ಫೋನಿನಲ್ಲೂ ಮಾತಾಡಬಹುದು. ಡಯಲ್ ಮಾಡುವ ಕೆಲಸವೇ ಇಲ್ಲ. ಇದರ ಮುಂದೆ ಗಂಟೆ ಲೆಕ್ಕದ ಡಯಲ್-ಅಪ್ ಪ್ಯಾಕ್ ಕೊಳ್ಳುವವರು ಯಾರು?

ಕಡಲಡಿಯ ಕೆಲಸದಲ್ಲಿ ಮಾತ್ರ ವಿಎಸ್‌ಎನ್‌ಎಲ್‌ನವರ ಕೈ ಪಳಗಿತ್ತು. ಟೈಕೋದ ಜಾಗತಿಕ ಕೇಬಲ್ ಜಾಲ, ಕೆನಡಾದ ಟೆಲಿಗ್ಲೋಬ್ ಎಲ್ಲ ಕೊಂಡರು. 2008ರಲ್ಲಿ ಹೆಸರು ಟಾಟಾ ಕಮ್ಯುನಿಕೇಶನ್ಸ್ ಆಯಿತು. ಸರ್ಕಾರ ತನ್ನಲ್ಲಿ ಉಳಿದಿದ್ದ ಪಾಲನ್ನೂ 2021ರಲ್ಲಿ ಮಾರಿ ಹೊರಬಂತು. ಇಂದಿಗೂ ಆ ಕಂಪನಿ ದೇಶದೇಶಗಳ ನಡುವೆ ಡೇಟಾ ಸಾಗಿಸುತ್ತಿದೆ.

ನನ್ನ ಮಾತು ಇಷ್ಟು. ಆ ಕಾಲದಲ್ಲಿ ವಿಎಸ್‌ಎನ್‌ಎಲ್ ಅಕೌಂಟ್ ಇದ್ದವರು ಇಲ್ಲಿದ್ದರೆ ಮೊದಲು ನೀವೇ ಮಾತಾಡಿ, ಪ್ರಶ್ನೆಗಳನ್ನು ಆಮೇಲೆ ತಗೊಳ್ಳೋಣ.