ಮೊದಲಿದ್ದ ಜಾಗಕ್ಕೋ, ಬೇರೆ ಜಾಗಕ್ಕೋ?

ಕೇಳುಗರೆಲ್ಲರಿಗೂ ನಮಸ್ಕಾರ.

ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯದ ಕಡೆ ಓಡಾಡಿದವರಿಗೆ ಕಾರ್ಖಾನೆಯ ಮುಂದೆ ನಿಲ್ಲುವ ಲಾರಿ, ಟ್ರ್ಯಾಕ್ಟರ್‌ಗಳ ಸಾಲು ಗೊತ್ತು. ಪ್ರತಿ ಗಾಡಿಯೂ ವೇಬ್ರಿಡ್ಜ್ ಹತ್ತಬೇಕು, ತೂಕ ದಾಖಲಾಗಬೇಕು, ರೈತನ ಕೈಗೆ ಚೀಟಿ ಬರಬೇಕು. ಆ ತೂಕವೆಲ್ಲ ಒಂದು ವರ್ಚುವಲ್ ಮಷೀನಿನಲ್ಲಿ ಸೇರುತ್ತಿದೆ, ಅದು ಸಂಜೆ ನಾಲ್ಕು ಗಂಟೆಗೆ ಕೆಟ್ಟು ನಿಂತಿತು ಎಂದಿಟ್ಟುಕೊಳ್ಳೋಣ. ಅದನ್ನು ಬ್ಯಾಕಪ್ಪಿನಿಂದ, ಅಂದರೆ ಮೊದಲೇ ತೆಗೆದಿಟ್ಟ ನಕಲಿನಿಂದ, ಎಲ್ಲಿಗೆ ಮರಳಿ ತರಬೇಕು ಎಂಬುದೇ ಇಂದಿನ ಮಾತು.

ವರ್ಚುವಲ್ ಮಷೀನ್ ಮುಟ್ಟಲು ಸಿಗುವ ಪೆಟ್ಟಿಗೆಯಲ್ಲ. ದೊಡ್ಡ ಸರ್ವರಿನೊಳಗೆ ನಡೆಯುವ ಕೆಲವು ಕಡತಗಳ ಕಟ್ಟು. ಅದರ ಇಡೀ ಡಿಸ್ಕ್ ಒಂದು ಕಡತ. ಮೆಮೊರಿ ಎಷ್ಟು, ನೆಟ್‌ವರ್ಕ್ ಯಾವುದು ಎಂಬ ವಿವರ ಇನ್ನೊಂದು ಕಡತ. ಹಾಗಾಗಿಯೇ ಅದನ್ನು ಇಡಿಯಾಗಿ ಬ್ಯಾಕಪ್ ಮಾಡಬಹುದು, ಇಡಿಯಾಗಿ ಮರಳಿ ತರಬಹುದು.

ಮರಳಿ ತರುವಾಗ ತಂತ್ರಾಂಶ ಕೇಳುತ್ತದೆ: ಮೊದಲಿದ್ದ ಜಾಗಕ್ಕೋ, ಬೇರೆ ಜಾಗಕ್ಕೋ? ಹೊರಗೆ ಗಾಡಿಗಳು ಕಾಯುತ್ತಿರುವಾಗ ಕೈ ಹೋಗುವುದು ಮೊದಲನೆಯದಕ್ಕೇ. ಅಲ್ಲಿ ಹೊಸದಾಗಿ ಏನನ್ನೂ ಹೊಂದಿಸಬೇಕಿಲ್ಲ, ಕೆಲಸ ಬೇಗ ಮುಗಿಯುತ್ತದೆ. ನನಗೆ ಆತಂಕವಿರುವುದು ಇಲ್ಲಿಯೇ. ಮೊದಲಿದ್ದ ಜಾಗಕ್ಕೆ ತಂದರೆ ಅಲ್ಲಿರುವ ಕೆಟ್ಟ ಮಷೀನ್ ಅಳಿದುಹೋಗುತ್ತದೆ. ಬ್ಯಾಕಪ್ ಆದದ್ದು ಬೆಳಗಿನ ಜಾವ ಎರಡು ಗಂಟೆಗೆ. ಅಲ್ಲಿಂದ ಈಚೆಗಿನ ಹದಿನಾಲ್ಕು ಗಂಟೆಗಳ ತೂಕ ಇರುವುದು ಆ ಕೆಟ್ಟ ಡಿಸ್ಕಿನಲ್ಲಿ ಮಾತ್ರ. ವರ್ಷವಿಡೀ ಬೆಳೆದ ಕಬ್ಬಿನ ಲೆಕ್ಕ ಅದು. ಅದನ್ನು ನಮ್ಮ ಕೈಯಾರೆ ಒರೆಸಿಹಾಕಬಾರದು.

ಆದ್ದರಿಂದ ನನ್ನ ಸಲಹೆ, ಮೊದಲು ಬೇರೆ ಜಾಗಕ್ಕೆ ತನ್ನಿ. ಹೊಸ ಹೆಸರು ಕೊಡಿ, ಡಿಸ್ಕಿಗೆ ಸಾಕಷ್ಟು ಜಾಗವಿದೆಯೇ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ನೆಟ್‌ವರ್ಕ್ ಕಳಚಿಯೇ ಮಷೀನನ್ನು ಆನ್ ಮಾಡಿ. ಹಳೆಯದು ಇನ್ನೂ ಅರೆಜೀವದಲ್ಲಿ ನಡೆಯುತ್ತಿದ್ದರೆ ಒಂದೇ ಐಪಿ ವಿಳಾಸದ, ಅಂದರೆ ನೆಟ್‌ವರ್ಕಿನಲ್ಲಿ ಒಂದೇ ವಿಳಾಸ ಸಂಖ್ಯೆಯ, ಎರಡು ಮಷೀನುಗಳು ಎದುರಾಗಿ, ಯಾವ ತೂಕ ಯಾವುದಕ್ಕೆ ಸೇರಿತು ಎಂಬುದೇ ತಿಳಿಯದಂತಾಗುತ್ತದೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ದಾಳಿಯ ಅನುಮಾನವಿದ್ದರಂತೂ ಈ ಪ್ರತ್ಯೇಕತೆ ಬೇಕೇ ಬೇಕು, ಏಕೆಂದರೆ ಬ್ಯಾಕಪ್ಪಿನೊಳಗೂ ಆ ಪಿಡುಗು ಸೇರಿರಬಹುದು.

ಬೇರೆ ಸರ್ವರಿಗೆ ತಂದಾಗ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸ ಬದಲಾಗಬಹುದು. ಆ ವಿಳಾಸಕ್ಕೆ ಕಟ್ಟಿದ ತಂತ್ರಾಂಶದ ಪರವಾನಗಿ, ಕಾಯ್ದಿರಿಸಿದ ಐಪಿ ಆಗ ಕೈಕೊಡುತ್ತವೆ. ಹೊಸ ಆವೃತ್ತಿಯ ವರ್ಚುವಲ್ ಯಂತ್ರಾಂಶಕ್ಕೆ, ಅಂದರೆ ಸರ್ವರ್ ತೋರಿಸುವ ಕೃತಕ ಬಿಡಿಭಾಗಗಳಿಗೆ, ಕಟ್ಟಿದ ಮಷೀನ್ ಹಳೆಯ ಆವೃತ್ತಿಯ ಸರ್ವರಿನಲ್ಲಿ ಆನ್ ಆಗದೆಯೂ ಇರಬಹುದು. ಇವನ್ನು ಹಂಗಾಮಿಗೆ ಮುಂಚೆಯೇ ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು. ಅವಸರವಿದ್ದರೆ ಬ್ಯಾಕಪ್ ಇರುವ ಜಾಗದಿಂದಲೇ ಮಷೀನನ್ನು ನೇರವಾಗಿ ನಡೆಸುವ ಸೌಲಭ್ಯ ಹಲವು ತಂತ್ರಾಂಶಗಳಲ್ಲಿದೆ. ಅದು ನಿಧಾನ, ಆದರೆ ಸಾಲು ಮುಂದೆ ಸಾಗುತ್ತದೆ. ಬಿಡುವಾದಾಗ ಸ್ಥಿರವಾದ ಡಿಸ್ಕಿಗೆ ಸ್ಥಳಾಂತರಿಸಬಹುದು.

ಮೊದಲಿದ್ದ ಜಾಗಕ್ಕೇ ತರುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹಳೆಯ ಮಷೀನ್ ಅಳಿದೇ ಹೋಗಿದ್ದರೆ, ಅಥವಾ ಬ್ಯಾಕಪ್ ಆದ ಮೇಲೆ ಹೊಸ ದಾಖಲೆ ಏನೂ ಸೇರಿಲ್ಲವೆಂದು ಖಚಿತವಿದ್ದರೆ ಅದೇ ಸರಳ ದಾರಿ. ಹಳೆಯ ಮಷೀನ್ ಅಲ್ಲೇ ಉಳಿದಿದ್ದರೆ, ಬದಲಾದ ಭಾಗಗಳನ್ನಷ್ಟೇ ಹಿಂದಕ್ಕೆ ಬರೆಯುವ ಚುರುಕಿನ ವಿಧಾನವೂ ಉಂಟು. ಆದರೆ ವಿದ್ಯುತ್ ಹೋಗಿಯೋ, ಸರ್ವರಿನ ಡಿಸ್ಕ್ ಕೆಟ್ಟೋ ತೊಂದರೆ ಬಂದಿದ್ದರೆ ಆ ವಿಧಾನ ಬೇಡ. ಯಾವ ಭಾಗ ಬದಲಾಗಿದೆ ಎಂಬ ಪಟ್ಟಿಯನ್ನೇ ಆಗ ನಂಬುವಂತಿಲ್ಲ.

ಇನ್ನು ಆ ಹದಿನಾಲ್ಕು ಗಂಟೆಗಳ ತೂಕ. ಕೆಟ್ಟ ಡಿಸ್ಕಿನ ಕಡತವನ್ನು ನಕಲು ಮಾಡಿ, ಆ ನಕಲನ್ನು ಮೂರನೆಯ ಮಷೀನೊಂದಕ್ಕೆ ಜೋಡಿಸಿ, ಅಲ್ಲಿಂದ ದಾಖಲೆಗಳನ್ನು ಓದಿಕೊಳ್ಳಿ. ಮರಳಿ ತಂದ ಮಷೀನಿಗೇ ಜೋಡಿಸಿದರೆ ಎರಡೂ ಡಿಸ್ಕುಗಳ ಗುರುತು ಒಂದೇ ಆಗಿ ಗೊಂದಲವಾಗುತ್ತದೆ. ಓದಲಾಗದೆ ಉಳಿದದ್ದನ್ನು ತೂಕದ ಚೀಟಿಗಳ ಕಚೇರಿ ಪ್ರತಿ ನೋಡಿ ತುಂಬಿಸಿ. ಹಂಗಾಮು ಮುಗಿದು, ರೈತರ ಬಾಕಿ ತೀರಿ, ಲೆಕ್ಕ ತಾಳೆಯಾಗುವವರೆಗೂ ಆ ಹಳೆಯ ಡಿಸ್ಕನ್ನು ಅಳಿಸಬೇಡಿ.

ನಮಸ್ಕಾರ.